ಗಾಯಗೊಂಡ ಕಬಡ್ಡಿ ಆಟಗಾರನಿಗಾಗಿ ನಿಧಿ: ಆಸ್ಪತ್ರೆಯ ಬಿಲ್ಲಿನ ಆಚೆಗೂ ಯೋಚಿಸಿ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಒಂದು ಗ್ರಾಮದ ಯುವಕ ಮಂಡಲದ ಕಾರ್ಯದರ್ಶಿ. ನಮ್ಮ ಕಬಡ್ಡಿ ತಂಡದ 24 ವರ್ಷದ ರೈಡರ್ ನಾಲ್ಕು ತಿಂಗಳ ಹಿಂದೆ ಪಂದ್ಯವೊಂದರಲ್ಲಿ ತಲೆ ಅಡಿಯಾಗಿ ಬಿದ್ದು ಕುತ್ತಿಗೆಯ ಮೂಳೆ ಮುರಿದುಕೊಂಡಿದ್ದಾನೆ. ಶಸ್ತ್ರಚಿಕಿತ್ಸೆ ಆಗಿದೆ. ಬೆನ್ನುಹುರಿಗೆ ಸಿ6 (ಕುತ್ತಿಗೆಯ ಆರನೆಯ ನರ) ಮಟ್ಟದಲ್ಲಿ ಪೆಟ್ಟಾಗಿದೆಯೆಂದು ವೈದ್ಯರು ಹೇಳಿದ್ದಾರೆ. ತೋಳು ಎತ್ತುತ್ತಾನೆ, ಮಣಿಕಟ್ಟು ಮೇಲಕ್ಕೆ ಬಾಗುತ್ತದೆ, ಬೆರಳುಗಳಲ್ಲಿ ಮತ್ತು ಕಾಲುಗಳಲ್ಲಿ ಚಲನೆ ಇಲ್ಲ. ಗೇರುಬೀಜ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ತಾಯಿ ಮತ್ತು ತಮ್ಮ ಇದ್ದಾರೆ. ಆಸ್ಪತ್ರೆಯ ಖರ್ಚು 11 ಲಕ್ಷ ರೂಪಾಯಿ ದಾಟಿದ್ದು, ತಾಯಿಯ ಒಡವೆ ಸಹಕಾರಿ ಸಂಘದಲ್ಲಿ ಅಡವಿನಲ್ಲಿದೆ. ನನ್ನ ಸ್ವಂತ ಖಾತೆಯ ಕ್ಯೂಆರ್ ಕೋಡನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿ ಇದುವರೆಗೆ 4 ಲಕ್ಷದಷ್ಟು ಸಂಗ್ರಹಿಸಿದ್ದೇವೆ. ಸಹಾಯಾರ್ಥವಾಗಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸಿ, ಅದೃಷ್ಟ ಚೀಟಿ ಮಾರಿ, ಒಟ್ಟು 25 ಲಕ್ಷ ಕೂಡಿಸಬೇಕೆಂದಿದ್ದೇವೆ. ದುಬೈಯಲ್ಲಿರುವ ಊರವರು ಅಲ್ಲಿಯೇ ಹಣ ಎತ್ತಿ ಕಳುಹಿಸುವುದಾಗಿ ಹೇಳಿದ್ದಾರೆ. ಅಮೆರಿಕದ ಪೌರತ್ವ ಪಡೆದ ಒಬ್ಬರೂ ದೊಡ್ಡ ಮೊತ್ತ ಕೊಡಲು ಸಿದ್ಧರಿದ್ದಾರೆ. ಈ ನಡುವೆ, 9 ಲಕ್ಷ ರೂಪಾಯಿಯ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿದರೆ ನಡೆಯಬಲ್ಲನೆಂದು ಪರಿಚಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ನಾವು ಹೇಗೆ ಮುಂದುವರಿಯಬೇಕು?

ಉತ್ತರ: ಬೆನ್ನುಹುರಿಗೆ ಪೆಟ್ಟಾದವರ ಪುನರ್ವಸತಿಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ಬಹುಕಾಲ ಕೆಲಸ ಮಾಡಿದವನಾಗಿ ನಾನು ಮೊದಲು ಹೇಳಬೇಕಾದ ಮಾತು ಒಂದೇ. ಇಂತಹ ನಿಧಿಗೆ ಹಣ ಬರುವ ಕಾಲ ಬೇರೆ, ಆ ಹಣ ನಿಜವಾಗಿ ಬೇಕಾಗುವ ಕಾಲ ಬೇರೆ. ಅಪಘಾತದ ಸುದ್ದಿ ಹಸಿಯಾಗಿರುವಾಗ, ಆಟಗಾರನ ಹೆಸರು ಎಲ್ಲರ ಬಾಯಲ್ಲಿ ಇರುವಾಗ, ದೇಣಿಗೆ ಹರಿದು ಬರುತ್ತದೆ; ಅದರಲ್ಲಿ ಬಹುಪಾಲು ಆಸ್ಪತ್ರೆಯ ಬಿಲ್ಲಿಗೆ ಹೋಗುತ್ತದೆ. ಆತ ಮನೆಗೆ ಬಂದು ಮಲಗಿದ ಮೇಲೆ, ತಿಂಗಳು ತಿಂಗಳೂ ತಪ್ಪದ ಖರ್ಚು ಶುರುವಾಗುವ ಹೊತ್ತಿಗೆ, ಊರು ತನ್ನ ಕೆಲಸಕ್ಕೆ ಮರಳಿರುತ್ತದೆ. ಆದ್ದರಿಂದ 25 ಲಕ್ಷ ಎಂಬ ಒಂದೇ ಗುರಿಯನ್ನು ಬಿಟ್ಟು, ಈಗಿನ ಸಾಲ ತೀರಿಸುವ ಹಣ ಮತ್ತು ಮುಂದಿನ ಐದು ವರ್ಷ ನಡೆಸುವ ಹಣ ಎಂದು ನಿಧಿಯನ್ನು ಎರಡಾಗಿ ಯೋಚಿಸಬೇಕೆಂದು ನನ್ನ ಸಲಹೆ. ಇವೆರಡರಲ್ಲಿ ಎರಡನೆಯದನ್ನು ಮುಟ್ಟದೆ ಉಳಿಸಿಕೊಳ್ಳುವುದು ಹೆಚ್ಚು ಕಷ್ಟದ ಕೆಲಸ, ಹೆಚ್ಚು ಮುಖ್ಯವಾದದ್ದೂ ಹೌದು.

ಆ ಎರಡನೆಯ ಹಣ ಯಾವುದಕ್ಕೆ ಎಂಬುದು ದಾನಿಗಳಿಗೆ ತಿಳಿಯಬೇಕಾದರೆ ಮೊದಲು ನಿಮಗೆ ತಿಳಿದಿರಬೇಕು. ಸಿ6 ಮಟ್ಟದ ಪೆಟ್ಟಿನಲ್ಲಿ ಮಣಿಕಟ್ಟನ್ನು ಮೇಲಕ್ಕೆ ಎತ್ತುವ ಶಕ್ತಿ ಉಳಿದಿರುವುದು ದೊಡ್ಡ ಆಸ್ತಿ. ಮಣಿಕಟ್ಟು ಮೇಲೆದ್ದಾಗ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ. ಸರಿಯಾದ ತರಬೇತಿ ಸಿಕ್ಕರೆ ಆ ಹಿಡಿತದಿಂದಲೇ ಲೋಟ ಹಿಡಿಯುವುದು, ಚಮಚ ಕಟ್ಟಿಕೊಂಡು ಉಣ್ಣುವುದು, ಮೊಬೈಲ್ ಬಳಸುವುದು, ಗಾಲಿಕುರ್ಚಿಯನ್ನು ಸ್ವತಃ ತಳ್ಳುವುದು ಸಾಧ್ಯವಾಗುತ್ತದೆ. ಆದರೆ ತರಬೇತಿ ಇಲ್ಲದವರು ಬೆರಳುಗಳನ್ನು ದಿನವೂ ಎಳೆದೆಳೆದು ನೆಟ್ಟಗೆ ಮಾಡಿ, ಮನೆಮಂದಿಯ ಪ್ರೀತಿಯಿಂದಲೇ, ಆ ಹಿಡಿತವನ್ನು ಶಾಶ್ವತವಾಗಿ ಸಡಿಲಗೊಳಿಸಿಬಿಡುವುದುಂಟು. ಮೊದಲ ಆರು ತಿಂಗಳಿಂದ ಒಂದು ವರ್ಷದವರೆಗಿನ ಅವಧಿಯಲ್ಲಿಯೇ ಚೇತರಿಕೆಯ ದೊಡ್ಡ ಭಾಗ ಕಾಣಿಸಿಕೊಳ್ಳುವುದರಿಂದ ಈಗ ನಡೆಯುತ್ತಿರುವ ನಾಲ್ಕನೆಯ, ಐದನೆಯ ತಿಂಗಳು ಬಹಳ ಬೆಲೆಯುಳ್ಳವು. ನಿಮ್ಮ ಕೈಯಲ್ಲಿರುವ 4 ಲಕ್ಷದಲ್ಲಿ ಮೊದಲು ಖರ್ಚಾಗಬೇಕಾದದ್ದು ಒಳರೋಗಿಯಾಗಿ ಪಡೆಯುವ ಪುನರ್ವಸತಿಗೆ. ಅಡವಿಟ್ಟ ಒಡವೆ ಒಂದೆರಡು ತಿಂಗಳು ಕಾಯಬಲ್ಲದು.

ಇದಕ್ಕಾಗಿಯೇ ಕಟ್ಟಿದ ಸಂಸ್ಥೆಗಳು ನಮ್ಮ ದೇಶದಲ್ಲಿವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನರ್ವಸತಿ ಕೇಂದ್ರವನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಅವರು 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಚಲನೆಯನ್ನು ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ನಡೆಸಿದ ವೈದ್ಯೆ. ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಅನ್ನು ಸ್ಥಾಪಿಸಿದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ಅವರು 1965ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿ, ಅದೇ ವರ್ಷದ ಯುದ್ಧದಲ್ಲಿ ಗುಂಡೇಟು ತಿಂದು ಗಾಲಿಕುರ್ಚಿಗೆ ಬಂದವರು. ಬೆಂಗಳೂರಿನಲ್ಲಿ 1959ರಿಂದ ಇರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ ಬೆನ್ನುಹುರಿ ಗಾಯಾಳುಗಳ ಜೊತೆ ಕೆಲಸ ಮಾಡುತ್ತದೆ. ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನರ್ವಸತಿ ವಿಭಾಗವಿದೆ. ಇವುಗಳಲ್ಲಿ ಎಲ್ಲಿ ಜಾಗ ಸಿಗುತ್ತದೆ, ಎಷ್ಟು ವಾರ ಇರಬೇಕು, ಜೊತೆಗೆ ಯಾರು ಬರಬೇಕು ಎಂದು ಈ ವಾರವೇ ವಿಚಾರಿಸಿ. ಜೊತೆಗೆ ಹೋಗುವವನು ತಮ್ಮನಾದರೆ ಒಳ್ಳೆಯದು, ಏಕೆಂದರೆ ಅಲ್ಲಿ ತರಬೇತಿ ಆಗುವುದು ಗಾಯಾಳುವಿಗೆ ಮಾತ್ರವಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮವನ್ನು ದಿನವೂ ಪರೀಕ್ಷಿಸುವುದು, ದಿನಕ್ಕೆ ನಾಲ್ಕರಿಂದ ಆರು ಸಲ ಸ್ವಚ್ಛ ವಿಧಾನದಲ್ಲಿ ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿ ಮೂತ್ರ ತೆಗೆಯುವುದು, ಹಾಸಿಗೆಯಿಂದ ಕುರ್ಚಿಗೆ ದಾಟಿಸುವುದು, ಇವೆಲ್ಲ ಕಲಿತು ಬರಬೇಕಾದ ಕೆಲಸಗಳು. ಇದರಲ್ಲಿ ಒಂದನ್ನು ವಿಶೇಷವಾಗಿ ಹೇಳುತ್ತೇನೆ. ಈ ಮಟ್ಟದ ಪೆಟ್ಟಿರುವವರಿಗೆ ಮೂತ್ರ ಕಟ್ಟಿದರೆ, ಮಲಬದ್ಧತೆಯಾದರೆ, ಅಷ್ಟೇಕೆ ಬಟ್ಟೆ ಬಿಗಿಯಾದರೂ ಸಹ ರಕ್ತದೊತ್ತಡ ಹಠಾತ್ತನೆ ಅಪಾಯದ ಮಟ್ಟಕ್ಕೆ ಏರಬಹುದು. ತಲೆ ಸಿಡಿಯುವ ನೋವು, ಮುಖದಲ್ಲಿ ಬೆವರು ಕಂಡ ಕೂಡಲೇ ಎತ್ತಿ ಕೂರಿಸಿ, ಕಾರಣವನ್ನು ಹುಡುಕಿ ನಿವಾರಿಸುತ್ತಲೇ ವೈದ್ಯರ ಸಹಾಯ ಪಡೆಯಬೇಕು. ಮನೆಯವರಿಗೆ ಇದು ತಿಳಿದಿಲ್ಲದಿದ್ದರೆ ಎಷ್ಟು ಲಕ್ಷ ಕೂಡಿಸಿದರೂ ಉಪಯೋಗವಾಗದು.

ಈಗ ಮನೆಯ ಖರ್ಚಿನ ಲೆಕ್ಕ ಬರೆಯಿರಿ. ಫಿಸಿಯೋಥೆರಪಿಸ್ಟ್ ಮನೆಗೆ ಬರಲು ಒಂದು ಭೇಟಿಗೆ 500 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 25 ಭೇಟಿಗೆ 12,500 ರೂಪಾಯಿ, ವರ್ಷಕ್ಕೆ ಒಂದೂವರೆ ಲಕ್ಷ. ಕ್ಯಾತಿಟರ್, ಕೈಗವಸು, ಔಷಧಿ, ಮೂತ್ರದ ಸೋಂಕಿನ ಪರೀಕ್ಷೆ ಇವು ಬೇರೆ. ಗಾಳಿ ಹಾಸಿಗೆ, ಗಾಲಿಕುರ್ಚಿ ಮತ್ತು ಅದರ ಮೆತ್ತೆ ಒಂದೇ ಸಲದ ಖರ್ಚಾದರೂ ಕೆಲವು ವರ್ಷಗಳಲ್ಲಿ ಬದಲಿಸಬೇಕಾಗುತ್ತದೆ. ಕುರ್ಚಿಗಿಂತ ಮೆತ್ತೆ ಮುಖ್ಯ, ಏಕೆಂದರೆ ಸ್ಪರ್ಶ ತಿಳಿಯದ ಚರ್ಮದ ಮೇಲೆ ಏಳುವ ಒತ್ತಡದ ಹುಣ್ಣು ಮನುಷ್ಯನನ್ನು ತಿಂಗಳುಗಟ್ಟಲೆ ಮತ್ತೆ ಆಸ್ಪತ್ರೆಗೆ ತಳ್ಳುತ್ತದೆ. ಕರಾವಳಿಯ ನಮ್ಮ ಮನೆಗಳದ್ದು ಇನ್ನೊಂದು ತೊಡಕು. ಎತ್ತರದ ಜಗಲಿ, ಮುರಕಲ್ಲಿನ ಮೆಟ್ಟಿಲು, ಮನೆಯಿಂದ ಹೊರಗಿರುವ ಬಚ್ಚಲು, ಮಳೆಗಾಲದಲ್ಲಿ ಜಾರುವ ಅಂಗಳ, ಇವು ಯಾವುದೂ ಗಾಲಿಕುರ್ಚಿಗೆ ಹೊಂದುವಂಥವಲ್ಲ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಜಗಲಿ ಎರಡೂವರೆ ಅಡಿ ಇದ್ದರೆ ಮೂವತ್ತು ಅಡಿ ಆಯಿತು. ಬಾಗಿಲು ಅಗಲಿಸುವುದು, ಕೋಣೆಗೆ ಹೊಂದಿಕೊಂಡಂತೆ ಬಚ್ಚಲು ಕಟ್ಟುವುದು ಕೂಡ ಸೇರಿದರೆ ಇದು ಸಣ್ಣ ಕೆಲಸವಲ್ಲ. ಆದರೆ ಯುವಕ ಮಂಡಲದಲ್ಲಿ ಗಾರೆ ಕೆಲಸದವರು, ಮರದ ಕೆಲಸದವರು, ಬೆಸುಗೆ ಹಾಕುವವರು ಇದ್ದೇ ಇರುತ್ತಾರೆ. ಈ ಭಾಗವನ್ನು ಹಣದಿಂದಲ್ಲ, ಶ್ರಮದಾನದಿಂದ ಮುಗಿಸಿ. ಕೊಡಲು ಹಣವಿಲ್ಲದ ಗೆಳೆಯರಿಗೂ ಆಗ ಕೈಜೋಡಿಸುವ ಅವಕಾಶ ಸಿಗುತ್ತದೆ.

ಸ್ಟೆಮ್ ಸೆಲ್ ವಿಷಯದಲ್ಲಿ ನನ್ನ ಅಭಿಪ್ರಾಯ ನಿಶ್ಚಿತವಾದದ್ದು: ಈ 9 ಲಕ್ಷವನ್ನು ಕೊಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸ್ಟೆಮ್ ಸೆಲ್‌ಗಳನ್ನು ಅಂಗೀಕೃತ ಚಿಕಿತ್ಸೆಯಾಗಿ ಬಳಸಬಹುದಾದದ್ದು ಮುಖ್ಯವಾಗಿ ಕೆಲವು ರಕ್ತಸಂಬಂಧಿ ಕಾಯಿಲೆಗಳಿಗೆ. ಬೆನ್ನುಹುರಿಯ ಗಾಯ ಆ ಪಟ್ಟಿಯಲ್ಲಿಲ್ಲ. ಉಳಿದೆಲ್ಲವೂ ಅನುಮತಿ ಪಡೆದ ಸಂಶೋಧನಾ ಪ್ರಯೋಗದ ಭಾಗವಾಗಿ ಮಾತ್ರ ನಡೆಯಬೇಕು, ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಪಡೆಯುವಂತಿಲ್ಲ. ಹಣ ಕೇಳಿದ್ದಾರೆಂಬ ಒಂದೇ ಸಂಗತಿ ಇಲ್ಲಿ ಎಚ್ಚರಿಕೆಯಾಗಿ ಸಾಕು. ನಡೆಯಬಲ್ಲನೆಂಬ ಆಸೆಯನ್ನು ತಾಯಿಯಿಂದ ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಮುಂದಿನ ಚೇತರಿಕೆ ಎಷ್ಟಾಗಬಹುದೆಂಬುದನ್ನು ಪುನರ್ವಸತಿ ವೈದ್ಯರು ಸ್ಪರ್ಶ ಮತ್ತು ಸ್ನಾಯುಶಕ್ತಿಯ ಪರೀಕ್ಷೆಯಿಂದ ಅಂದಾಜಿಸಿ ಹೇಳುತ್ತಾರೆ, ಆ ಮಾತನ್ನು ತಾಯಿ ನೇರವಾಗಿ ಅವರಿಂದಲೇ ಕೇಳಲಿ. ದಾನಿಗಳಿಗೆ ಕಳುಹಿಸುವ ಮನವಿಯಲ್ಲಿಯೂ "ಮತ್ತೆ ಅಂಗಣಕ್ಕೆ ಇಳಿಸೋಣ" ಎಂಬ ಭರವಸೆ ಬೇಡ. ಅದು ನೆರವೇರದಿದ್ದಾಗ ಸೋತವನೆಂಬ ಭಾರ ಆಟಗಾರನ ಮೇಲೆಯೇ ಬೀಳುತ್ತದೆ. ಸ್ವಂತ ಕೈಯಿಂದ ಉಣ್ಣುವಂತೆ, ಕುರ್ಚಿಯಲ್ಲಿ ಊರೊಳಗೆ ಓಡಾಡುವಂತೆ, ದುಡಿಯುವಂತೆ ಮಾಡೋಣ ಎಂದು ಬರೆಯಿರಿ. ಅದು ನಿಜವೂ ಹೌದು, ಕೈಗೆಟಕುವಂಥದ್ದೂ ಹೌದು.

ಬೇಡುವ ಮೊದಲು, ಹಕ್ಕಿನಿಂದ ಬರಬೇಕಾದದ್ದನ್ನು ಪಡೆದುಕೊಳ್ಳಿ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಆತ ಕಾರ್ಖಾನೆಯ ನೌಕರ ಎಂಬ ಸಂಗತಿ. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ, ಗಾಯ ಕೆಲಸದ ಸ್ಥಳದಲ್ಲಿ ಆದದ್ದಲ್ಲದಿದ್ದರೂ, ವಂತಿಗೆಯ ಷರತ್ತುಗಳಿಗೆ ಒಳಪಟ್ಟು ವೈದ್ಯಕೀಯ ಸೌಲಭ್ಯ ಮತ್ತು ಅನಾರೋಗ್ಯ ಭತ್ಯೆ ಇದೆ. ಭವಿಷ್ಯ ನಿಧಿ ಕಡಿತವಾಗುತ್ತಿದ್ದರೆ ಎರಡು ದಾರಿಗಳಿವೆ. ಚಿಕಿತ್ಸೆಗಾಗಿ ನಿಧಿಯಿಂದ ಮುಂಗಡ ಪಡೆಯಬಹುದು. ಅದಕ್ಕಿಂತ ದೊಡ್ಡದು 1995ರ ನೌಕರರ ಪಿಂಚಣಿ ಯೋಜನೆಯ ಅಂಗವೈಕಲ್ಯ ಪಿಂಚಣಿ: ಸೇವೆಯಲ್ಲಿರುವಾಗ ಶಾಶ್ವತವಾಗಿ, ಪೂರ್ಣವಾಗಿ ದುಡಿಯಲಾಗದ ಸ್ಥಿತಿ ಬಂದವರಿಗೆ ಹತ್ತು ವರ್ಷದ ಸೇವೆ ಬೇಕಿಲ್ಲ, ಒಂದು ತಿಂಗಳ ವಂತಿಗೆ ಪಾವತಿಯಾಗಿದ್ದರೂ ಸಾಕು. ಮೊತ್ತ ಸಣ್ಣದಿರಬಹುದು, ಆದರೆ ಜೀವನಪರ್ಯಂತ ಬರುವಂಥದ್ದು. ಆದ್ದರಿಂದ ಈ ಅರ್ಜಿ ಇತ್ಯರ್ಥವಾಗುವವರೆಗೆ ಆತನಿಂದ ರಾಜೀನಾಮೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಲು ಯಾರಿಗೂ ಬಿಡಬೇಡಿ.

ಆತನ ಬ್ಯಾಂಕ್ ಪಾಸ್‌ಬುಕ್ಕನ್ನು ತೆಗೆದು, ಮೇ ಕೊನೆ ಅಥವಾ ಜೂನ್ ಆರಂಭದಲ್ಲಿ 20 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು. ಅಪಘಾತದಿಂದ ಎರಡೂ ಕೈ ಅಥವಾ ಎರಡೂ ಕಾಲುಗಳ ಬಳಕೆ ಮರಳಿ ಬಾರದಂತೆ ನಷ್ಟವಾದರೆ ಆ ವಿಮೆಯಿಂದ 2 ಲಕ್ಷ ರೂಪಾಯಿ ಸಿಗಬೇಕು. ವಿಮೆ ಇತ್ತೆಂಬುದೇ ಗೊತ್ತಿರದೆ ಬಿಟ್ಟುಬಿಡುವ ಮನೆಗಳು ಬಹಳ. ತಿಳಿಸುವುದು ತಡವಾಗಿದ್ದರೂ ಆಸ್ಪತ್ರೆಯ ದಾಖಲೆಗಳೊಂದಿಗೆ ಬ್ಯಾಂಕಿಗೆ ಹೋಗಿ ಅರ್ಜಿ ಕೊಡಿ. ಇನ್ನು ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಖರ್ಚಾಗಿ ಹೋದ ಬಿಲ್ಲಿಗೆ ಅದು ಒದಗುವುದಿಲ್ಲವಾದರೂ ಮುಂದಿನ ದಾಖಲಾತಿಗೆ ಒದಗುತ್ತದೆ. ಕುಟುಂಬ ಸಹಕಾರಿ ಸಂಘದ ಸದಸ್ಯತ್ವ ಹೊಂದಿದ್ದರೆ, ಸಹಕಾರಿಗಳ ಆರೋಗ್ಯ ಯೋಜನೆಯಾದ ಯಶಸ್ವಿನಿಗೆ ಹೆಸರು ನೋಂದಾಯಿಸಿತ್ತೇ ಎಂದೂ ಕೇಳಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಶಾಸಕರ ಕಚೇರಿಯ ಮೂಲಕ ಅರ್ಜಿ ಹೋಗಬಹುದು. ಆಟಗಾರ ರಾಷ್ಟ್ರೀಯ ಮಟ್ಟದಲ್ಲಿ ಆಡಿದವನಾಗಿದ್ದರೆ ಕೇಂದ್ರ ಕ್ರೀಡಾ ಸಚಿವಾಲಯದ ಪಂಡಿತ್ ದೀನದಯಾಳ್ ಉಪಾಧ್ಯಾಯ ಕ್ರೀಡಾಪಟುಗಳ ಕಲ್ಯಾಣ ನಿಧಿಗೆ ಅರ್ಜಿ ಸಲ್ಲಿಸಿ; ಆಟ ಅಥವಾ ತರಬೇತಿಯ ವೇಳೆ ಆದ ಗಾಯಕ್ಕೆ ಅದರಲ್ಲಿ 10 ಲಕ್ಷದವರೆಗೆ ನೆರವಿಗೆ ಅವಕಾಶವಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸುವುದು ಇವೆಲ್ಲಕ್ಕೂ ಮೊದಲಿನ ಕೆಲಸ, ಏಕೆಂದರೆ ಮಾಸಾಶನದಿಂದ ಹಿಡಿದು ಕೇಂದ್ರ ಸರ್ಕಾರದ ಅಲಿಮ್ಕೋ ಸಂಸ್ಥೆಯ ಗಾಲಿಕುರ್ಚಿಯವರೆಗೆ ಎಲ್ಲೆಡೆ ಅದನ್ನೇ ಕೇಳುತ್ತಾರೆ.

ಈಗ ನಿಮ್ಮ ಖಾತೆಯ ಪ್ರಶ್ನೆ. ನಿಮ್ಮ ಪ್ರಾಮಾಣಿಕತೆಯಲ್ಲಿ ನನಗೆ ಕಿಂಚಿತ್ತೂ ಸಂದೇಹವಿಲ್ಲ, ಆದರೂ ಸ್ವಂತ ಖಾತೆಗೆ ದೇಣಿಗೆ ಪಡೆಯುವುದನ್ನು ಇವತ್ತೇ ನಿಲ್ಲಿಸಿ. ತೆರಿಗೆ ಇಲಾಖೆಯ ಕಣ್ಣಿಗೆ ಆ ಹಣ ನಿಮ್ಮದಾಗಿ ಕಾಣುತ್ತದೆ. ನಿಮಗೆ ಏನಾದರೂ ಆದರೆ ಅದು ನಿಮ್ಮ ವಾರಸುದಾರರ ಕೈಸೇರುತ್ತದೆ. ಊರಿನಲ್ಲಿ ಒಂದು ಸಣ್ಣ ಮನಸ್ತಾಪ ಬಂದರೂ ಲೆಕ್ಕದ ಮೇಲೆ ಮಾತು ಬರುತ್ತದೆ. ಇದುವರೆಗೆ ಬಂದದ್ದನ್ನೆಲ್ಲ ದಾನಿಗಳ ಹೆಸರು, ದಿನಾಂಕಗಳ ಪಟ್ಟಿಯೊಂದಿಗೆ ಬ್ಯಾಂಕ್ ಮೂಲಕವೇ ವರ್ಗಾಯಿಸಿಬಿಡಿ.

ಯಾರಿಗೆ ವರ್ಗಾಯಿಸಬೇಕೆಂಬಲ್ಲಿ ಸ್ವಲ್ಪ ಸೂಕ್ಷ್ಮವಿದೆ. ಸಂಬಂಧಿಕರಲ್ಲದವರಿಂದ ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಉಚಿತವಾಗಿ ಬಂದರೆ, ಆ ಇಡೀ ಮೊತ್ತ ಆತನ ಆದಾಯವೆಂದು ಪರಿಗಣಿತವಾಗುತ್ತದೆ. ಮದುವೆಯ ಉಡುಗೊರೆಗೆ ವಿನಾಯಿತಿ ಇದೆ, ಚಿಕಿತ್ಸೆಗೆಂದು ಊರವರು ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಅಂತಹ ವಿನಾಯಿತಿ ಇಲ್ಲ. ಈ ನಿಯಮ ನ್ಯಾಯವಾದದ್ದೆಂದು ನನಗೆ ಅನಿಸುವುದಿಲ್ಲ, ಆದರೆ ಇರುವುದು ಹೀಗೆ. 2025-26ರ ಹೊಸ ಪದ್ಧತಿಯ ದರದಲ್ಲಿ ವರ್ಷದ ಆದಾಯ 12 ಲಕ್ಷದವರೆಗೆ ಇದ್ದರೆ ರಿಯಾಯಿತಿಯಿಂದಾಗಿ ತೆರಿಗೆ ಬೀಳದು, ಹಾಗಿದ್ದರೂ ರಿಟರ್ನ್ ಸಲ್ಲಿಸಬೇಕು. ಅದೇ ವರ್ಷ 18 ಲಕ್ಷ ಬಂದರೆ ಸೆಸ್ ಸೇರಿ ಸುಮಾರು 1 ಲಕ್ಷ 66 ಸಾವಿರ ತೆರಿಗೆಯಾಗುತ್ತದೆ. ಒಂದು ವರ್ಷದ ಫಿಸಿಯೋಥೆರಪಿಯ ಹಣ ಅಷ್ಟರಲ್ಲೇ ಹೋದಂತೆ.

ಆದ್ದರಿಂದ ಉತ್ತಮ ದಾರಿ ಎಂದರೆ, ವೈದ್ಯಕೀಯ ನೆರವನ್ನು ಉದ್ದೇಶವಾಗಿ ಹೊಂದಿರುವ, ಆದಾಯ ತೆರಿಗೆ ಕಾಯ್ದೆಯಡಿ ದತ್ತಿ ಸಂಸ್ಥೆಯಾಗಿ ನೋಂದಣಿಯಾಗಿರುವ, ನಿಮ್ಮ ಭಾಗದಲ್ಲಿ ಹೆಸರಿರುವ ಒಂದು ಟ್ರಸ್ಟ್‌ನ ಜೊತೆ ಒಪ್ಪಂದ ಮಾಡಿಕೊಳ್ಳುವುದು. ಅಂತಹ ಟ್ರಸ್ಟ್‌ನಿಂದ ಆಟಗಾರನಿಗೆ ಬರುವ ನೆರವಿಗೆ ಮೇಲಿನ ತೆರಿಗೆ ತಗಲುವುದಿಲ್ಲ. ಅದಕ್ಕೆ ದೇಣಿಗೆಯ ತೆರಿಗೆ ಕಡಿತದ (80ಜಿ ಎಂದು ಪರಿಚಿತವಾದ) ಮಾನ್ಯತೆಯೂ ಇದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ಮಿತಿಗೊಳಪಟ್ಟು ಕಡಿತ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆ ಸೌಲಭ್ಯವಿಲ್ಲ. ಆದರೆ ಟ್ರಸ್ಟ್ ಬರಿಯ ಕೊಳವೆಯಾಗುವಂತಿಲ್ಲ. ಹಣ ಹೇಗೆ ಖರ್ಚಾಗಬೇಕೆಂಬ ತೀರ್ಮಾನದಲ್ಲಿ ಅದರ ಹೊಣೆ ಇರುತ್ತದೆ, ಮತ್ತು ಇದೇ ನಿಮಗೆ ರಕ್ಷಣೆ. ನಿಮ್ಮ ಯುವಕ ಮಂಡಲ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರಬಹುದು. ಅಷ್ಟರಿಂದಲೇ ಅದು ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆ ಆಗುವುದಿಲ್ಲ. ಇಂತಹ ಟ್ರಸ್ಟ್ ಸಿಗದಿದ್ದರೆ ದಾನಿಗಳು ಆಸ್ಪತ್ರೆಗೆ ಅಥವಾ ಪುನರ್ವಸತಿ ಕೇಂದ್ರಕ್ಕೆ ನೇರವಾಗಿ ಪಾವತಿಸಿ ರಸೀದಿ ಪಡೆಯಲಿ, ಉಳಿದದ್ದು ಆಟಗಾರನ ಸ್ವಂತ ಖಾತೆಗೆ ಬರಲಿ, ಮತ್ತು ಆರಂಭದಿಂದಲೇ ಒಬ್ಬ ಲೆಕ್ಕ ಪರಿಶೋಧಕರು ಜೊತೆಗಿರಲಿ. ಪರಿಚಯದ ಬಳಗದಾಚೆಗೆ ಮನವಿ ತಲುಪಬೇಕಾದರೆ ಮಿಲಾಪ್, ಕೆಟ್ಟೊ, ಇಂಪ್ಯಾಕ್ಟ್ ಗುರುವಿನಂತಹ ಜಾಲತಾಣಗಳಿವೆ. ಶುಲ್ಕ ಎಷ್ಟು, ಜಾಹೀರಾತಿನ ಖರ್ಚು ಯಾರದು, ಹಣ ಆಸ್ಪತ್ರೆಗೆ ಹೋಗುವುದೋ ಕುಟುಂಬಕ್ಕೋ ಎಂಬ ಮೂರನ್ನು ಲಿಖಿತವಾಗಿ ತಿಳಿದುಕೊಂಡೇ ಮುಂದುವರಿಯಿರಿ.

ಆಟಗಾರನ ಖಾತೆಯನ್ನು ಆತನೇ ನಡೆಸಬೇಕು. ಬೆರಳು ಆಡದಿದ್ದರೂ ಆತನ ಬುದ್ಧಿಗೆ ಏನೂ ಆಗಿಲ್ಲ. ಸಹಿ ಮಾಡಲಾಗದ ಗ್ರಾಹಕರು ಇಬ್ಬರು ಸಾಕ್ಷಿಗಳ ಎದುರು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿದ್ದು, ಹೆಬ್ಬೆಟ್ಟಿನ ಗುರುತಿನಿಂದ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಮುಂದಿನ ಐದು ವರ್ಷಕ್ಕೆಂದು ತೆಗೆದಿಟ್ಟದ್ದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ತಿಂಗಳ ಬಡ್ಡಿ ಬರುವ ನಿಶ್ಚಿತ ಠೇವಣಿಯಾಗಿ, ಬೇರೆ ಬೇರೆ ಅವಧಿಯ ಮೂರು ನಾಲ್ಕು ರಸೀದಿಗಳಾಗಿ ಇರಲಿ. ಹೆಚ್ಚು ಬಡ್ಡಿ ಕೊಡುತ್ತೇವೆಂದು ಬರುವ ಊರಿನ ಹಣಕಾಸು ವ್ಯವಹಾರಗಳಿಗೆ ಇದರಲ್ಲಿ ಒಂದು ರೂಪಾಯಿಯೂ ಹೋಗಬಾರದು.

ವಿದೇಶದ ಹಣದ ವಿಷಯದಲ್ಲಿ ಉತ್ಸಾಹಕ್ಕಿಂತ ಎಚ್ಚರ ಮುಖ್ಯ. ಯುಎಇಯಲ್ಲಿ ಪರವಾನಗಿ ಪಡೆದ ಸಂಸ್ಥೆಗಳನ್ನು ಬಿಟ್ಟು ಬೇರೆ ವ್ಯಕ್ತಿಗಳು ಸಾರ್ವಜನಿಕರಿಂದ ದೇಣಿಗೆ ಎತ್ತುವುದನ್ನು 2021ರ ಕಾನೂನು ನಿಷೇಧಿಸುತ್ತದೆ; ವಾಟ್ಸ್‌ಆ್ಯಪ್ ಗುಂಪಿನ ಮನವಿಯೂ ಅಲ್ಲಿ ತೊಂದರೆಗೆ ಕಾರಣವಾಗಬಹುದು. ಸಹಾಯಕ್ಕೆ ಹೊರಟ ನಿಮ್ಮೂರಿನ ಹುಡುಗರು ದಂಡ ತೆರುವಂತಾಗಬಾರದು. ಅಲ್ಲಿ ಯಾರೂ ಸಂಗ್ರಹ ಮಾಡದಿರಲಿ. ಕೊಡಬಯಸುವವರು ತಮ್ಮ ತಮ್ಮ ಖಾತೆಯಿಂದ ನೇರವಾಗಿ ಊರಿಗೆ ಕಳುಹಿಸಲಿ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದವರದ್ದು ಹಾಗಲ್ಲ. ಅವರು ನಮ್ಮೂರಿನಲ್ಲೇ ಹುಟ್ಟಿ ಬೆಳೆದವರಾದರೂ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ದೃಷ್ಟಿಯಲ್ಲಿ ಅವರ ಹಣ ವಿದೇಶಿ ಮೂಲದ್ದು. ಆ ಕಾಯ್ದೆಯ ನೋಂದಣಿ ಇಲ್ಲದ ಯುವಕ ಮಂಡಲವಾಗಲಿ ಟ್ರಸ್ಟ್ ಆಗಲಿ ಅದನ್ನು ಮುಟ್ಟುವಂತಿಲ್ಲ. ಆ ನೋಂದಣಿ ಇರುವ ಆಸ್ಪತ್ರೆ ಅಥವಾ ಪುನರ್ವಸತಿ ಸಂಸ್ಥೆಗೆ ಅವರು ಕೊಡುವುದು ಸುರಕ್ಷಿತ ದಾರಿ. ಅದನ್ನು ಬಿಟ್ಟು ಬೇರೆ ಯಾವ ದಾರಿ ಹಿಡಿಯುವುದಿದ್ದರೂ ಲೆಕ್ಕ ಪರಿಶೋಧಕರ ಲಿಖಿತ ಸಲಹೆ ಪಡೆದ ನಂತರವೇ ಮುಂದುವರಿಯಿರಿ.

ಮನವಿಯ ಬರಹ ಮತ್ತು ಚಿತ್ರದ ಬಗ್ಗೆ ನೀವು ಕೇಳಿಲ್ಲ, ಆದರೆ ನಾನು ಹೇಳದೆ ಇರಲಾರೆ. ಮೂಗಿನಲ್ಲಿ ನಳಿಕೆ, ಅರೆಬೆತ್ತಲೆ ಮೈ, ಪಕ್ಕದಲ್ಲಿ ಅಳುವ ತಾಯಿ, ಇಂತಹ ಚಿತ್ರ ಒಮ್ಮೆ ಹರಡಿದರೆ ಮತ್ತೆ ಹಿಂದೆ ಬರುವುದಿಲ್ಲ. ಆ ಹುಡುಗ ಮುಂದೆ ಕೆಲಸ ಕೇಳಲು ಹೋದಾಗ, ಮದುವೆಯ ಮಾತು ಬಂದಾಗ, ಅದೇ ಚಿತ್ರ ಅವನಿಗಿಂತ ಮೊದಲು ಅಲ್ಲಿ ತಲುಪಿರುತ್ತದೆ. ಅಂಗಣದಲ್ಲಿ ರೈಡ್ ಮಾಡುತ್ತಿರುವ ಒಂದು ಚಿತ್ರ, ಈಗ ಕುರ್ಚಿಯಲ್ಲಿ ಕುಳಿತಿರುವ, ಅವನೇ ಒಪ್ಪಿದ ಇನ್ನೊಂದು ಚಿತ್ರ ಸಾಕು. ಮನವಿಯ ಪ್ರತಿ ಸಾಲನ್ನೂ ಅವನಿಗೆ ಓದಿ ಹೇಳಿ, ಬೇಡವೆಂದದ್ದನ್ನು ತೆಗೆಯಿರಿ. ಮೂತ್ರ, ಮಲದ ವಿವರಗಳು ಸಮಿತಿಯ ಲೆಕ್ಕದಲ್ಲಿರಲಿ, ಸಾರ್ವಜನಿಕ ಪತ್ರದಲ್ಲಿ ಬೇಡ. ಲೆಕ್ಕ ಮಾತ್ರ ಪೂರ್ತಿ ಬಯಲಲ್ಲಿರಬೇಕು. ನಿಮ್ಮ ಜಿಲ್ಲೆಯವರೇ ಆದ ರವಿ ಕಟಪಾಡಿಯವರು ಅಷ್ಟಮಿಯ ಸಮಯದಲ್ಲಿ ವೇಷ ಹಾಕಿ ಅನಾರೋಗ್ಯದ ಮಕ್ಕಳಿಗಾಗಿ ಹಣ ಸಂಗ್ರಹಿಸಿ, ಎಲ್ಲರೆದುರೇ ಹಂಚುವುದನ್ನು ನೀವು ಕಂಡಿರುತ್ತೀರಿ. ಜನ ವರ್ಷ ವರ್ಷವೂ ಅವರ ಡಬ್ಬಿಗೆ ಹಾಕುವುದರ ಹಿಂದೆ ಈ ಬಯಲಿನ ಲೆಕ್ಕಕ್ಕೂ ಪಾಲಿದೆಯೆಂದು ನಾನು ನಂಬುತ್ತೇನೆ. ತಿಂಗಳಿಗೊಮ್ಮೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಗುಂಪಿಗೆ ಹಾಕಿ, ಪಂಚಾಯಿತಿ ಕಚೇರಿಯ ಫಲಕದಲ್ಲೂ ಅಂಟಿಸಿ. ಒಂದೇ ಸಲ 5,000 ಕೊಡುವವರಿಗಿಂತ ತಿಂಗಳಿಗೆ 200 ರೂಪಾಯಿಯಂತೆ ಎರಡು ವರ್ಷ ಕೊಡಲು ಒಪ್ಪುವ ನೂರು ಜನರನ್ನು ಹುಡುಕಿ. ತಿಂಗಳಿಗೆ 20,000 ರೂಪಾಯಿ ಖಚಿತವಾಗಿ ಬಂದರೆ ಆ ಮನೆ ನಿಲ್ಲುತ್ತದೆ.

ಪಂದ್ಯಾವಳಿ ನಡೆಸಿ, ಅದು ಒಳ್ಳೆಯ ಯೋಚನೆ. ಅದೃಷ್ಟ ಚೀಟಿಯನ್ನು ಮಾತ್ರ ಕೈಬಿಡಿ. ಅನುಮತಿ ಇಲ್ಲದ ಲಾಟರಿ ಉದ್ದೇಶ ಎಷ್ಟೇ ಒಳ್ಳೆಯದಾದರೂ ಅಪರಾಧವೇ. ಶಾಮಿಯಾನ, ದೀಪ, ಬಹುಮಾನಗಳ ಖರ್ಚು ಮೊದಲೇ ಪ್ರಾಯೋಜಕರಿಂದ ಬಂದಿರಬೇಕು, ಟಿಕೆಟಿನ ಹಣ ಪೂರ್ತಿ ನಿಧಿಗೆ ಹೋಗಬೇಕು. ಇಲ್ಲದಿದ್ದರೆ ಲಕ್ಷಗಟ್ಟಲೆ ವಹಿವಾಟು ನಡೆದು ಕೊನೆಗೆ ಕೈಗೆ ಹತ್ತುವುದು ಕೆಲವೇ ಸಾವಿರ. ಆ ಅಂಗಣದಲ್ಲಿ ಮ್ಯಾಟ್ ಇರಲಿ, ಆಂಬುಲೆನ್ಸ್ ಇರಲಿ, ಕುತ್ತಿಗೆ ಪಟ್ಟಿ ಮತ್ತು ಗಟ್ಟಿ ಹಲಗೆಯ ಸ್ಟ್ರೆಚರ್ ಇರಲಿ, ಆಡುವ ಪ್ರತಿಯೊಬ್ಬನಿಗೂ ಆ ದಿನದ ಅಪಘಾತ ವಿಮೆ ಇರಲಿ. ಕುತ್ತಿಗೆಗೆ ಪೆಟ್ಟಾದವನನ್ನು ಗೆಳೆಯರು ಕೈಕಾಲು ಹಿಡಿದೆತ್ತಿ ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗುವಾಗ, ಉಳಿಯಬಹುದಾಗಿದ್ದ ಬೆನ್ನುಹುರಿಯೂ ಜಖಂಗೊಳ್ಳುವ ಅಪಾಯವಿದೆ. ಪಂದ್ಯದ ಮೊದಲು ಹತ್ತು ನಿಮಿಷ ಇದರ ಪ್ರಾತ್ಯಕ್ಷಿಕೆ ನಡೆಸಲು ಒಬ್ಬ ವೈದ್ಯರನ್ನು ಕರೆಯಿರಿ.

ಉಳಿದ ಹಣ ಏನಾಗಬೇಕೆಂಬುದನ್ನೂ ಮನವಿಯಲ್ಲಿ ಈಗಲೇ ಬರೆದಿಡಬೇಕು. ಇಂಗ್ಲೆಂಡಿನಲ್ಲಿ 1963ರ ಡಿಸೆಂಬರಿನಲ್ಲಿ ಟಿಮ್ ಬ್ರೂಕ್‌ಶಾ, 1964ರ ಗ್ರ್ಯಾಂಡ್ ನ್ಯಾಷನಲ್ ಓಟದಲ್ಲಿ ಪ್ಯಾಡಿ ಫ್ಯಾರೆಲ್ ಎಂಬ ಇಬ್ಬರು ಜಾಕಿಗಳು ಕುದುರೆಯಿಂದ ಬಿದ್ದು ಬೆನ್ನುಹುರಿಯ ಗಾಯಕ್ಕೆ ಒಳಗಾದಾಗ, ಅವರಿಬ್ಬರಿಗಾಗಿ ಎತ್ತಿದ ನಿಧಿಯೇ ಮುಂದೆ ಗಾಯಗೊಂಡ ಎಲ್ಲ ಜಾಕಿಗಳ ನಿಧಿಯಾಗಿ ಬೆಳೆಯಿತು. ಇಂದು ಅದು ಲ್ಯಾಂಬೋರ್ನ್, ಮಾಲ್ಟನ್, ನ್ಯೂಮಾರ್ಕೆಟ್ ಎಂಬ ಮೂರು ಕಡೆ ಸ್ವಂತ ಪುನರ್ವಸತಿ ಕೇಂದ್ರಗಳನ್ನು ನಡೆಸುತ್ತಿದೆ. ಕರಾವಳಿಯಲ್ಲಿ ಪ್ರತಿ ಹಂಗಾಮಿನಲ್ಲಿ ನಡೆಯುವ ಕಬಡ್ಡಿ ಪಂದ್ಯಾವಳಿಗಳು ಕಡಿಮೆಯಲ್ಲ. ತಂಡವೊಂದರ ಪ್ರವೇಶ ಶುಲ್ಕದಲ್ಲಿ ಒಂದು ಸಣ್ಣ ಪಾಲನ್ನು ಗಾಯಾಳುಗಳ ನಿಧಿಗೆ ತೆಗೆದಿಡುವ ಪದ್ಧತಿಯನ್ನು ನಿಮ್ಮ ತಾಲ್ಲೂಕಿನ ಸಂಘಟಕರು ಸೇರಿ ಆರಂಭಿಸಬಹುದು. ಆದರೆ ಅದು ಆಮೇಲಿನ ಮಾತು, ಮತ್ತು ಈ ಹುಡುಗನ ಹೆಸರಿನಲ್ಲಿ ಬಂದದ್ದನ್ನು ಅವನ ಒಪ್ಪಿಗೆ ಇಲ್ಲದೆ ಅದಕ್ಕೆ ಸೇರಿಸಬಾರದು. ಆಟವನ್ನು ಅವನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಕೈಗಳಲ್ಲೂ ದೌರ್ಬಲ್ಯವಿರುವವರಿಗಾಗಿಯೇ 1970ರ ದಶಕದಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ರೂಪುಗೊಂಡ ಗಾಲಿಕುರ್ಚಿ ರಗ್ಬಿ ಈಗ ಭಾರತದಲ್ಲೂ ಇದೆ. ಪುನರ್ವಸತಿ ಮುಗಿದು, ಚರ್ಮ ಮತ್ತು ಮೂತ್ರಕೋಶದ ಆರೈಕೆ ಅಭ್ಯಾಸವಾದ ಮೇಲೆ ಅವನು ಬಯಸಿದರೆ, ಆಟದ ಕುರ್ಚಿಯ ಖರ್ಚನ್ನು ನಿಧಿಯ ಎರಡನೆಯ ಭಾಗದಲ್ಲಿ ಒಂದು ಬಾಬಾಗಿ ಸೇರಿಸಿಕೊಳ್ಳಿ.